ಮಣ್ಣು, ನೀರು, ಅರ್ಜಿ: ಕಾಸರಗೋಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗುಗುಂಡಿ, ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡ ಹಾಕುವ ಕಟ್ಟ, ಬಾವಿಗೆ ಮಳೆನೀರು, ತೋಟಕ್ಕೆ ಡ್ರಿಪ್ ಅಂತ ಅರ್ಜಿ ಬರೆಯುವವರ ಜೊತೆ ಕಚೇರಿಗೆ ಹೋಗುವುದು ಕೆಲವು ವರ್ಷಗಳಿಂದ ನನಗೆ ಅಂಟಿಕೊಂಡ ಕೆಲಸ. ಗ್ರಾಮಸಭೆ ಮುಗಿದ ಮೇಲೆ, ಸೊಸೈಟಿಯ ಜಗಲಿಯಲ್ಲಿ, ಮದುವೆಯೂಟದ ಪಂಕ್ತಿಯಲ್ಲಿ ಕೇಳಿದ ಪ್ರಶ್ನೆಗಳೇ ಇಲ್ಲಿವೆ. ಎಣ್ಮಕಜೆ, ಪೈವಳಿಕೆ, ಬದಿಯಡ್ಕ, ಬೆಳ್ಳೂರು ಕಡೆಯ ತೋಟದವರ ಪ್ರಶ್ನೆಗಳು ಒಂದಷ್ಟು. ಕಾಸರಗೋಡು ಪೇಟೆ, ಕುಂಬಳೆ, ಉಪ್ಪಳದಲ್ಲಿ ಐದು ಹತ್ತು ಸೆಂಟ್ಸಿನಲ್ಲಿ ಮನೆ ಕಟ್ಟಿಕೊಂಡವರದು ಇನ್ನಷ್ಟು.

ಜೂನಿನಲ್ಲಿ ಅಂಗಳದಲ್ಲಿ ದೋಣಿ ಬಿಡಬಹುದು. ಇಂಥ ಊರಿಗೆ ನೀರು ಉಳಿಸುವ ಯೋಜನೆ ಯಾಕೆ?

ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ಆ ಲೆಕ್ಕದಲ್ಲಿ ಒಂದು ಎಕ್ರೆ ಜಾಗೆಯ ಮೇಲೆ 1 ಕೋಟಿ 40 ಲಕ್ಷ ಲೀಟರ್ ಬೀಳುತ್ತದೆ. ಇಷ್ಟಿದ್ದೂ ಮಾರ್ಚ್ ಬಂದಾಗ ಪಂಚಾಯತಿನ ನೀರಿನ ಲಾರಿ ಕಾಯುತ್ತೇವೆ.

ಹೆಚ್ಚಿನ ಮಳೆ ಜೂನಿನಿಂದ ಸೆಪ್ಟೆಂಬರಿನ ಒಳಗೇ ಸುರಿದು ಮುಗಿಯುತ್ತದೆ. ಊರು ಗುಡ್ಡೆಯಿಂದ ಕಡಲಿಗೆ ಇಳಿಜಾರು. ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯವು ಅಂತ ಹೆಮ್ಮೆಪಡುತ್ತೇವೆ, ಆದರೆ ಹೆಚ್ಚಿನವು ಗಿಡ್ಡ ನದಿಗಳು. ಗುಡ್ಡೆಯಲ್ಲಿ ಬಿದ್ದ ನೀರು ಕಡಲು ಸೇರಲು ಹೆಚ್ಚು ಹೊತ್ತು ಬೇಡ. ಇನ್ನು ನೆಲ. ಗುಡ್ಡೆಯ ತಲೆಯಲ್ಲಿ ಪಾದೆಯಂತೆ (ಬಂಡೆಯಂತೆ) ಗಟ್ಟಿಯಾದ ಮುರಕಲ್ಲು, ಅಂದರೆ ಕೆಂಪುಕಲ್ಲು, ಕೆಳಗೆ ತೂತುತೂತಾದ ಮೆತ್ತನೆಯ ಮುರ, ಅದರಡಿಗೆ ಜೇಡಿ. ಪಾದೆಯ ಮೇಲೆ ನೀರು ಜಾರಿಹೋಗುತ್ತದೆ. ಬಿರುಕು ಸಿಕ್ಕಲ್ಲಿ ಒಳಗಿಳಿದು ಜೇಡಿಯ ಮೇಲೆ ನಿಂತು, ನಿಧಾನಕ್ಕೆ ಪಕ್ಕಕ್ಕೆ ಹರಿಯುತ್ತದೆ. ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗದಲ್ಲಿ ತೊಟ್ಟಿಕ್ಕುವುದೂ ಬಾವಿಯ ಒರತೆಯೂ ಇದೇ ನೀರು.

ಇನ್ನೊಂದು ಕಾರಣ ನಾವೇ ತೋಡಿಕೊಂಡದ್ದು, ಕೊಳವೆಬಾವಿ. 2017ರ ಭೂಜಲ ಅಂದಾಜಿನಲ್ಲಿ ಕಾಸರಗೋಡು ಬ್ಲಾಕ್ ‘ಗಂಭೀರ’ ಪಟ್ಟಿಯಲ್ಲಿತ್ತು. ಮಳೆ ಕಡಿಮೆಯ ಪಾಲಕ್ಕಾಡಿನ ಬ್ಲಾಕುಗಳ ಸಾಲಿನಲ್ಲಿ ನಮ್ಮ ಹೆಸರು!

ನನಗೆ ಎರಡು ಎಕ್ರೆ ಇದೆ. ಮೇಲೆ ಗುಡ್ಡೆ, ನಡುವೆ ತೋಟ, ಕೆಳಗೆ ತೋಡು. ಎಲ್ಲಿಂದ ಶುರು ಮಾಡಲಿ?

ಗುಡ್ಡೆಯಿಂದ. ಎಲ್ಲರಿಗೂ ತೋಡಿನ ಕಟ್ಟವೇ ಮೊದಲು ಕಾಣುತ್ತದೆ, ಯಾಕೆಂದರೆ ಅಲ್ಲಿ ನೀರು ಕಣ್ಣಿಗೆ ಬೀಳುತ್ತದೆ. ಆದರೆ ತೋಡಿನಲ್ಲಿ ಕೆಂಪು ನೀರು ಬರುತ್ತಿದೆ ಎಂದರೆ ಮೇಲಿನ ಮಣ್ಣು ಕೆಳಗೆ ಬಂತು ಎಂದೇ ಅರ್ಥ. ಮೇಲೆ ತಡೆಯದೆ ಕೆಳಗೆ ಕಟ್ಟಿದರೆ ಎರಡೇ ಮಳೆಗಾಲಕ್ಕೆ ಕಟ್ಟದ ಹಿಂದೆ ಹೂಳು ತುಂಬುತ್ತದೆ.

ಗುಡ್ಡೆಯಲ್ಲಿ ಹಳೆಯ ಪಳ್ಳ ಇದ್ದರೆ ಅದನ್ನು ಮುಟ್ಟಬೇಡಿ. ಪಾದೆಯ ಮೇಲಿನ ಆ ತಗ್ಗನ್ನು ಮಣ್ಣು ಹಾಕಿ ಮಟ್ಟ ಮಾಡಿ ರಬ್ಬರ್ ನೆಟ್ಟವರಿದ್ದಾರೆ. ಅವರ ಕೆಳಗಿನ ಮನೆಯವರ ಸುರಂಗ ಯಾಕೆ ಬತ್ತಿತು ಅಂತ ಜೋಯಿಸರಲ್ಲಿ ಪ್ರಶ್ನೆ ಇಟ್ಟು ನೋಡುವ ಅಗತ್ಯವಿಲ್ಲ. ಮದಕ (ಮಳೆನೀರು ನಿಲ್ಲಿಸುವ ಹಳೆಯ ಕೆರೆ) ಇದ್ದರೆ ಹೂಳು ತೆಗೆಸಿ. ಉಳಿದ ಇಳಿಜಾರಿನಲ್ಲಿ ಇಂಗುಗುಂಡಿ: ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಒಮ್ಮೆ ತುಂಬಿದರೆ 680 ಲೀಟರಿನಷ್ಟು ಹಿಡಿಯುತ್ತದೆ, ಜೋರು ಮಳೆಯ ದಿನ ಮೂರು ನಾಲ್ಕು ಸಲ ತುಂಬಿ ಇಂಗುವುದೂ ಉಂಟು. ಉದ್ದ ಭಾಗ ಇಳಿಜಾರಿಗೆ ಅಡ್ಡವಾಗಿರಲಿ. ಮೇಲಿನ ಸಾಲಿನ ಎರಡು ಗುಂಡಿಗಳ ಎಡೆಯಿಂದ ಜಾರಿದ ನೀರು ಕೆಳಸಾಲಿನ ಗುಂಡಿಗೆ ಬೀಳುವಂತೆ ತಪ್ಪಿಸಿ ತಪ್ಪಿಸಿ ತೋಡಬೇಕು. ಮಟ್ಟ ನೋಡಲು ಮೇಸ್ತ್ರಿಗಳ ಲೆವೆಲ್ ಪೈಪು ಸಾಕು, ಇಂಜಿನಿಯರ್ ಬೇಡ. ತೆಗೆದ ಮಣ್ಣನ್ನು ಗುಂಡಿಯ ಕೆಳಬದಿಗೆ ಹಾಕಿ ಲಾವಂಚವನ್ನೋ ಅನಾನಸನ್ನೋ ನೆಡಿ. ಮೇಲ್ಬದಿಗೆ ಹಾಕಿದರೆ ಮೊದಲ ಮಳೆಗೇ ಅದು ಗುಂಡಿಯೊಳಗೆ.

ಈ ಕೆಲಸ ಪತ್ತನಾಜೆಯ ಒಳಗೆ ಮುಗಿಯಬೇಕು. ಅಂದರೆ ಮೇ ಕೊನೆಯ ವಾರದೊಳಗೆ.

ಇಂಗುಗುಂಡಿ ಎಲ್ಲಿ ತೋಡಬಾರದು?

ಇದನ್ನು ಕೇಳುವವರು ಕಡಿಮೆ, ಕೇಳಬೇಕಾದವರು ಹೆಚ್ಚು. ಮನೆಯ ಹಿಂದಿನ ಬರೆಯ (ಗುಡ್ಡೆ ಕಡಿದು ಉಳಿದ ಮಣ್ಣಿನ ಗೋಡೆಯ) ತಲೆಯಲ್ಲಿ ತೋಡಬಾರದು.

ನಾನೇ ತೋಡಿದ್ದೆ. ಉತ್ಸಾಹದ ಮೊದಲ ವರ್ಷ. ಹಿಂದಿನ ಹದಿನೈದು ಅಡಿ ಬರೆಯ ಮೇಲೆ ಸಾಲಾಗಿ ಏಳು ಗುಂಡಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಬರೆಯ ಒಂದು ಮೂಲೆ ಬಚ್ಚಲಕೊಟ್ಟಿಗೆಯ ಗೋಡೆಗೆ ಬಂದು ಒರಗಿತು. ರಾತ್ರಿಯಲ್ಲ, ಹಗಲು, ಒಳಗೆ ಯಾರೂ ಇರಲಿಲ್ಲ. ಮೇಲಿನ ಮುರ ಗಟ್ಟಿ, ಅದು ಕಲ್ಲೇ, ಜಾರುವುದಿಲ್ಲ ಅಂತ ನನ್ನ ನಂಬಿಕೆ. ಮುರ ಜಾರಲಿಲ್ಲ ನಿಜ. ಅದರಡಿಯ ಜೇಡಿ ನೆನೆದು ಸಾಬೂನಿನಂತಾದಾಗ ಮೇಲಿನದ್ದೆಲ್ಲ ಒಟ್ಟಿಗೆ ಕೂತಿತು. ಹೆದ್ದಾರಿ 66ರ ಅಗಲೀಕರಣಕ್ಕೆ ಕಡಿದ ಬರೆಗಳು ಮಳೆಗಾಲದಲ್ಲಿ ಕುಸಿದದ್ದನ್ನು ನೋಡಿದವರಿಗೆ ಇದು ಹೊಸ ವಿಷಯವಲ್ಲ.

ನೇರ ಕಡಿದ ಬರೆ, ತೀರಾ ಕಡಿದಾದ ಇಳಿಜಾರು, ಹಿಂದೆ ಒಮ್ಮೆ ಕುಸಿದ ಜಾಗ, ನೆಲ ಬಿರುಕು ಬಿಟ್ಟ ಜಾಗ, ಇಲ್ಲೆಲ್ಲ ನೀರು ಇಂಗಿಸುವುದಲ್ಲ, ಕಣಿ (ಸಣ್ಣ ಕಾಲುವೆ) ಮಾಡಿ ಬದಿಗೆ ಸಾಗಹಾಕುವುದೇ ಸರಿ. ಮಲೆನಾಡ ಕಡೆ ಇನ್ನೊಂದು ತೊಂದರೆ ಇದೆ. ನೆಲದಡಿ ಮಣ್ಣು ಕೊಳವೆಯ ಹಾಗೆ ಕೊರೆದುಹೋಗಿ ಅಂಗಳವೇ ಥಟ್ಟನೆ ಕುಳಿಬೀಳುವುದು. ತಿರುವನಂತಪುರದ ರಾಷ್ಟ್ರೀಯ ಭೂವಿಜ್ಞಾನ ಅಧ್ಯಯನ ಕೇಂದ್ರದವರು ಕೇರಳದಲ್ಲಿ ಇದನ್ನು ಅಧ್ಯಯನ ಮಾಡಿದ್ದಾರೆ. ಅಂಥ ಲಕ್ಷಣ ಕಂಡರೆ ಗುಂಡಿ ತೋಡದೆ ಮೊದಲು ವಿಲ್ಲೇಜ್ ಆಫೀಸಿಗೆ ತಿಳಿಸಿ.

ಯಾವ ಕೆಲಸಕ್ಕೆ ಯಾವ ಕಚೇರಿ?

ಜನ ಸೋಲುವುದು ಇಲ್ಲೇ. ಕೃಷಿಭವನಕ್ಕೆ ಹೋದರೆ ಪಂಚಾಯತಿಗೆ ಹೋಗಿ, ಪಂಚಾಯತಿಗೆ ಹೋದರೆ ಬ್ಲಾಕಿಗೆ ಹೋಗಿ. ಅವರು ಸುಳ್ಳು ಹೇಳುವುದಲ್ಲ, ಕೆಲಸವೇ ಹಾಗೆ ಹಂಚಿಹೋಗಿದೆ.

ಕೃಷಿಭವನ ಎಲ್ಲ ಪಂಚಾಯತಿನಲ್ಲೂ ಇದೆ, 1987ರಿಂದ. ಮಣ್ಣು ಪರೀಕ್ಷೆ, ಸುಣ್ಣ, ಗೊಬ್ಬರ, ಪಂಪ್‌ಸೆಟ್, ತೋಟದ ಯೋಜನೆಗಳಿಗೆ ಅಲ್ಲಿಗೆ ಹೋಗಬೇಕು. ಡ್ರಿಪ್ ಮತ್ತು ಸ್ಪ್ರಿಂಕ್ಲರ್ ನೋಡಿಕೊಳ್ಳುವುದು ಕೃಷಿ ಇಲಾಖೆಯ ಇಂಜಿನಿಯರಿಂಗ್ ವಿಭಾಗ, ಆದರೆ ವಿಚಾರಣೆ ಕೃಷಿಭವನದಿಂದಲೇ ಶುರು ಮಾಡಿ. ಇಂಗುಗುಂಡಿ, ಕೆರೆ, ಬದು, ತೋಡಿನ ದಂಡೆಗೆ ತೆಂಗಿನನಾರಿನ ಚಾಪೆ ಹಾಸುವುದು ಉದ್ಯೋಗ ಖಾತ್ರಿಯಲ್ಲಿ, ಅಂದರೆ ಪಂಚಾಯತಿನಲ್ಲಿ. ಮಣ್ಣು ಪರಿವೇಕ್ಷಣೆ ಮತ್ತು ಮಣ್ಣು ಸಂರಕ್ಷಣೆ ಇಲಾಖೆ ಬೇರೆಯೇ ಇದೆ. ಅವರು ಒಬ್ಬೊಬ್ಬರ ಅರ್ಜಿಗಿಂತ ಇಡೀ ಜಲಾನಯನ ಹಿಡಿದು ಕೆಲಸ ಮಾಡುವವರು. ನಿಮ್ಮ ಗುಡ್ಡೆ ಅವರ ಯೋಜನೆಯ ಗಡಿಯೊಳಗಿದ್ದರೆ ಕಲ್ಲಿನ ಬದು, ಬಾವಿ ಮರುಪೂರಣ, ಕಟ್ಟ ಎಲ್ಲ ಒಟ್ಟಿಗೆ ಸಿಗಬಹುದು, ಖರ್ಚಿನಲ್ಲಿ ನಿಮ್ಮದೊಂದು ಪಾಲೂ ಇರುತ್ತದೆ. ಗಡಿಯ ಹೊರಗಿದ್ದರೆ ಎಷ್ಟು ಅಂಗಲಾಚಿದರೂ ಸಿಗುವುದಿಲ್ಲ. ಆದ್ದರಿಂದ ‘ನಮ್ಮ ವಾರ್ಡು ಯಾವ ಜಲಾನಯನಕ್ಕೆ ಸೇರಿದೆ, ಈಗ ಯೋಜನೆ ಉಂಟೋ’ ಎಂಬುದೇ ಅಲ್ಲಿ ಕೇಳಬೇಕಾದ ಮೊದಲ ಮಾತು.

ಬಾವಿ, ಕೊಳವೆಬಾವಿಯ ಜಾಗ ನೋಡುವುದು, ಅನುಮತಿ ಎಲ್ಲ ಭೂಜಲ ಇಲಾಖೆ. ಸಲಹೆ ಬೇಕಾದರೆ ಕೂಡ್ಲಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟಬೆಳೆ ಸಂಶೋಧನಾ ಸಂಸ್ಥೆ) ಇದೆ, ಅದರ ಆವರಣದಲ್ಲೇ ಕೃಷಿ ವಿಜ್ಞಾನ ಕೇಂದ್ರವೂ ಇದೆ. 1916ರಲ್ಲಿ ತೆಂಗಿನ ಸಂಶೋಧನೆಗೆ ಶುರುವಾದ ಜಾಗ ಅದು. ದೂರದೂರದ ರಾಜ್ಯಗಳಿಂದ ರೈತರು ಬಸ್ಸು ಮಾಡಿಕೊಂಡು ಬಂದು ನೋಡಿ ಹೋಗುತ್ತಾರೆ. ನಾವು ಅದರ ಎದುರಿನಿಂದ ದಿನಾ ಪೇಟೆಗೆ ಹೋಗುತ್ತೇವೆ.

ತೊಯಿಲುರಪ್ಪಿನವರು (ಉದ್ಯೋಗ ಖಾತ್ರಿಯವರು) ನಮ್ಮ ಸ್ವಂತ ಜಾಗೆಯಲ್ಲಿ ಕೆಲಸ ಮಾಡಿಕೊಡುತ್ತಾರಾ?

2005ರ ಕಾನೂನು ಹಾಕಿಕೊಟ್ಟ ಕ್ರಮದಲ್ಲಿ, ಹೌದು, ಆದರೆ ಎಲ್ಲರಿಗೂ ಅಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಡತನರೇಖೆಯ ಕೆಳಗಿನವರು, ಹೆಂಗಸೇ ಮನೆಯ ಯಜಮಾನಿಯಾದ ಕುಟುಂಬ, ಅಂಗವಿಕಲರ ಕುಟುಂಬ, ಭೂಸುಧಾರಣೆಯಲ್ಲಿ ಜಾಗೆ ಸಿಕ್ಕಿದವರು ಮೊದಲು. ಅವರಾದ ಮೇಲೆ ಸಣ್ಣ ಮತ್ತು ಅತಿಸಣ್ಣ ರೈತರು. ಮನೆಗೆ ಜಾಬ್ ಕಾರ್ಡು ಇರಬೇಕು, ಮನೆಯ ಒಬ್ಬರಾದರೂ ಆ ಕೆಲಸಕ್ಕೆ ಇಳಿಯಬೇಕು. ಕಾರ್ಡು ಮಾಡಿಸಿಕೊಂಡು ‘ನಮಗೆ ಹಾರೆ ಹಿಡಿದು ಅಭ್ಯಾಸವಿಲ್ಲ’ ಎನ್ನುವವರಿಗೆ ಇದು ಹೇಳಿದ ಯೋಜನೆಯಲ್ಲ. ಜೆಸಿಬಿಯನ್ನೂ ತರುವಂತಿಲ್ಲ. ನಿಯಮ ಆಗಾಗ ಬದಲಾಗುತ್ತದೆ, ಆ ವರ್ಷದ್ದನ್ನು ಪಂಚಾಯತಿನಲ್ಲಿ ಕೇಳಿಯೇ ಮುಂದುವರಿಯಿರಿ.

ಮುಖ್ಯವಾದದ್ದು ಗ್ರಾಮಸಭೆ. ನಿಮ್ಮ ಕೆಲಸ ವಾರ್ಡಿನ ಪಟ್ಟಿಯಲ್ಲಿ ಸೇರುವುದು ಅಲ್ಲಿ. ‘ಮೆಂಬರ್ ನಮ್ಮವರೇ, ಫೋನಿನಲ್ಲಿ ಹೇಳಿದ್ದೇನೆ’ ಎಂದು ಮನೆಯಲ್ಲಿ ಕೂತವರ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ.

ಏನೇನು ಕಾಗದ ಬೇಕು?

ಆಧಾರ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡು, ಆ ವರ್ಷದ ತೀರ್ವೆ (ಭೂಕಂದಾಯ) ರಶೀದಿ. ಕೆಲವಕ್ಕೆ ವಿಲ್ಲೇಜ್ ಆಫೀಸಿನ ಕೈವಶ ಪತ್ರ. ಕೃಷಿ ಇಲಾಖೆಯ ಯೋಜನೆಗಳಿಗೆ ‘ಎಯಿಮ್ಸ್’ ಪೋರ್ಟಲಿನಲ್ಲಿ ಹೆಸರು ಸೇರಿಸಬೇಕು, ಸರಕಾರಿ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದಲ್ಲಿ ಮಾಡಿಕೊಡುತ್ತಾರೆ.

ತೀರ್ವೆ ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ. ನನ್ನ ಮೊದಲ ಅರ್ಜಿ ತಿರುಗಿ ಬಂದದ್ದು ಅದಕ್ಕೇ. ಅಪ್ಪ ತೀರಿಕೊಂಡು ಆರು ವರ್ಷವಾಗಿದ್ದರೂ ರಶೀದಿ ಅವರ ಹೆಸರಿನಲ್ಲೇ ಬರುತ್ತಿತ್ತು. ಕಚೇರಿಯವರು ಅದನ್ನು ಹೇಳಿದ್ದು ನಾಲ್ಕನೇ ಸಲ ಹೋದಾಗ. ಅಷ್ಟರಲ್ಲಿ ಮಳೆ ಶುರುವಾಗಿತ್ತು.

ಅರ್ಜಿ ಕನ್ನಡದಲ್ಲಿ ಬರೆಯಬಹುದೇ?

ಬರೆಯಬಹುದು. 1969ರ ಕೇರಳ ಅಧಿಕೃತ ಭಾಷಾ ಕಾನೂನಿನಲ್ಲೇ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದ ಜೊತೆ, ಇಲಾಖೆಯ ಮುಖ್ಯಸ್ಥರ ಜೊತೆ, ತಮ್ಮ ಪ್ರದೇಶದ ಕಚೇರಿಗಳ ಜೊತೆ ಸ್ವಂತ ಭಾಷೆಯಲ್ಲಿ ವ್ಯವಹರಿಸುವ ಹಕ್ಕಿದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಹೊಸದಾಗಿ ತೆಂಕಣದಿಂದ ವರ್ಗವಾಗಿ ಬಂದ ಅಧಿಕಾರಿಗೆ ಇದು ಗೊತ್ತಿಲ್ಲದೆ ಇರಬಹುದು. ಜಗಳ ಬೇಡ, ಕಾನೂನಿನ ವರ್ಷ ಹೇಳಿ, ಅರ್ಜಿ ಕೊಟ್ಟು ರಶೀದಿ ಪಡೆಯಿರಿ. ನನ್ನ ಅನುಭವದಲ್ಲಿ ಕನ್ನಡದ ಅರ್ಜಿಯ ಮೊದಲ ಪುಟಕ್ಕೆ ಎರಡು ಸಾಲು ಮಲಯಾಳದ ಸಾರಾಂಶ ಸೇರಿಸಿದರೆ ಫೈಲು ಬೇಗ ಹೋಗುತ್ತದೆ. ಹಕ್ಕು ಬಿಟ್ಟುಕೊಟ್ಟ ಹಾಗೆ ಎನ್ನುವವರಿದ್ದಾರೆ. ಅವರ ಮಾತು ಸರಿ. ನನಗೆ ಗುಂಡಿ ಬೇಕಿತ್ತು.

ಕೊಟ್ಟ ಫಾರ್ಮು ಮಲಯಾಳದಲ್ಲಿದೆ. ಪದಗಳೇ ತಲೆಗೆ ಹೋಗುವುದಿಲ್ಲ.

ಹತ್ತು ಹನ್ನೆರಡು ಪದ ಗೊತ್ತಾದರೆ ಸಾಕು. ‘ಅಪೇಕ್ಷ’ ಎಂದರೆ ಅರ್ಜಿ, ನಿಮ್ಮ ಆಸೆ ಕೇಳಿದ್ದಲ್ಲ. ‘ಗುಣಭೋಕ್ತಾವ್’ ಫಲಾನುಭವಿ, ‘ಗುಣಭೋಕ್ತೃ ವಿಹಿತಂ’ ನೀವು ಕೈಯಿಂದ ಹಾಕಬೇಕಾದ ಪಾಲು. ಈ ಸಾಲನ್ನು ಓದದೆ ಸಹಿ ಹಾಕಬೇಡಿ. ‘ನೀರ್ತಡಂ’ ಜಲಾನಯನ, ‘ತಡಯಣ’ ಕಟ್ಟ, ‘ಮಳಕ್ಕುಳಿ’ ಇಂಗುಗುಂಡಿ, ‘ಕಿಣರ್’ ಬಾವಿ, ‘ಕುಳಂ’ ಕೆರೆ. ‘ನಿಕುತಿ’ ತೀರ್ವೆ. ‘ತೋಡ್’ ನಮ್ಮ ತೋಡೇ.

ಎಚ್ಚರ ಬೇಕಾದದ್ದು ‘ನಿಲಂ’ ಎಂಬ ಪದಕ್ಕೆ. ನಮಗೆ ನೆಲ ಅಂತ ಕಾಣುತ್ತದೆ. ಅಲ್ಲ, ಕಂದಾಯದ ಭಾಷೆಯಲ್ಲಿ ನಿಲಂ ಎಂದರೆ ಗದ್ದೆ, ಹಳೆಯ ದಕ್ಷಿಣ ಕನ್ನಡದ ಪತ್ರಗಳಲ್ಲಿ ನಂಜ ಎಂದಿರುವುದು. ಹಿತ್ತಿಲಿಗೂ ತೋಟಕ್ಕೂ ‘ಪುರಯಿಡಂ’ ಅಥವಾ ‘ಪರಂಬ್’. ಅಡಿಕೆ ತೋಟವನ್ನು ನಿಲಂ ಅಂತ ಬರೆದುಕೊಟ್ಟು ಪಚೀತಿಯಾದವರನ್ನು ಕಂಡಿದ್ದೇನೆ.

ಗದ್ದೆ ಪಾಳುಬಿದ್ದಿದೆ, ಅಲ್ಲೇ ಕೆರೆ ತೋಡಿದರೆ?

ಜೆಸಿಬಿಗೆ ಹೇಳುವ ಮೊದಲು ಕೃಷಿಭವನಕ್ಕೆ ಹೋಗಿ. ಗದ್ದೆಗೆ 2008ರ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣೆ ಕಾನೂನು ಅನ್ವಯಿಸುತ್ತದೆ. ಮಣ್ಣು ತುಂಬಿಸುವುದಂತೂ ಆಗದು. ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿದವರಿಗೆ 2020ರಿಂದ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿಯಂತೆ ರಾಯಲ್ಟಿ ಶುರುವಾಯಿತು. ಮೊತ್ತ ಸಣ್ಣದು. ಆದರೆ ಬೈಲಿನ ಗದ್ದೆ ಮೂರು ತಿಂಗಳು ನೀರು ನಿಲ್ಲಿಸಿಕೊಂಡು ಪಕ್ಕದ ಬಾವಿಗಳಿಗೆ ಊಡುವ ಕೆಲಸ ಮಾಡುತ್ತದೆ. ಗದ್ದೆ ಅಡಿಕೆ ತೋಟವಾದಾಗ ನಡುವೆ ಕಣಿ ತೆಗೆದು ಅದೇ ನೀರನ್ನು ಓಡಿಸುತ್ತೇವೆ.

ತೋಡಿಗೆ ಕಟ್ಟ ಯಾವಾಗ, ಹೇಗೆ ಹಾಕಬೇಕು?

ದೀಪಾವಳಿಯ ಮಳೆ ನಿಂತ ಮೇಲೆ, ತೋಡಿನ ಹರಿವು ಪೂರ್ತಿ ಸಣ್ಣದಾಗುವ ಮೊದಲು. ಸಾಧಾರಣ ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವೆ. ಬೇಗ ಹಾಕಿದರೆ ಹಿಂಗಾರಿನ ಒಂದೇ ಮಳೆ ಕೊಚ್ಚಿಕೊಂಡು ಹೋಗುತ್ತದೆ. ಜನವರಿಯಲ್ಲಿ ಹಾಕಿದರೆ ಕಟ್ಟ ಚೆಂದ ಇರುತ್ತದೆ, ನಿಲ್ಲಿಸಲು ನೀರಿರುವುದಿಲ್ಲ. ಸರಕಾರಿ ಹಣಕ್ಕೆ ಕಾಯುವ ಕಟ್ಟಗಳು ಹೆಚ್ಚಾಗಿ ಈ ಎರಡನೆಯ ಜಾತಿಯವು. ಫೈಲು ಪಾಸಾಗುವಾಗ ತೋಡು ಬತ್ತಿರುತ್ತದೆ. ಆದ್ದರಿಂದ ಅರ್ಜಿ ಹಿಂದಿನ ಮಳೆಗಾಲದಲ್ಲೇ ಹೋಗಬೇಕು.

ಹಿರಿಯರು ಹಾಕುತ್ತಿದ್ದ ಕಟ್ಟ ಎಂದರೆ ಎರಡು ಬದಿ ಕಾಡುಕಲ್ಲಿನ ಗೋಡೆ, ನಡುವೆ ಮೆಟ್ಟಿ ತುಂಬಿಸಿದ ಮಣ್ಣು. ನಲವತ್ತು ಐವತ್ತು ಆಳಿನ ಕೆಲಸ. ಈಗ ಅಷ್ಟು ಆಳು ಸಿಗದು. ಮರಳು ಅಥವಾ ಮಣ್ಣಿನ ಚೀಲ, ಒಳಬದಿಗೆ ದಪ್ಪ ಪ್ಲಾಸ್ಟಿಕ್ ಹಾಳೆ. ಹಾಳೆಯ ಅಡಿಯ ಅಂಚನ್ನು ತೋಡಿನ ತಳದಲ್ಲಿ ಒಂದಡಿ ಕಣಿ ತೆಗೆದು ಹೂಳಬೇಕು. ಇದನ್ನು ಬಿಟ್ಟರೆ ನೀರೆಲ್ಲ ಅಡಿಯಿಂದ ನುಸುಳುತ್ತದೆ. ತಳ ಸಡಿಲ ಮರಳಾದರೆ ಆ ಜಾಗವೇ ಬೇಡ, ಪಾದೆ ಸಿಗುವಲ್ಲಿಗೆ ಹತ್ತು ಮಾರು ಮೇಲಕ್ಕೋ ಕೆಳಕ್ಕೋ ಹೋಗಿ.

ಒಂದೇ ದೊಡ್ಡ ಕಟ್ಟಕ್ಕಿಂತ ಒಂದೇ ತೋಡಿನಲ್ಲಿ ಮೇಲಿಂದ ಕೆಳಗೆ ಸರಣಿ ಕಟ್ಟ ಒಳ್ಳೆಯದು. ಒಂದರ ಹಿನ್ನೀರು ಮೇಲಿನದರ ಬುಡದವರೆಗೆ ಬರಬೇಕು. ಏತಡ್ಕದವರು ಹೀಗೆ ಕಟ್ಟಿ ತೋರಿಸಿಕೊಟ್ಟಿದ್ದಾರೆ. ಕಟ್ಟದ ನೀರನ್ನು ಪಂಪಿನಿಂದ ಎಳೆಯುವುದು ಅದರ ಅರ್ಧ ಉಪಯೋಗ. ಇನ್ನರ್ಧ ಎರಡೂ ದಡದ ಬಾವಿಗಳಲ್ಲಿ ಏರುವ ನೀರು. ಕಟ್ಟಕ್ಕೆ ದುಡ್ಡು ಕೊಡದ ದಡದ ಮನೆಯವರಿಗೂ ಅದು ಸಿಗುತ್ತದೆ, ಅದಕ್ಕೇ ಜಗಳ. ನಮ್ಮ ತೋಡಿನಲ್ಲಿ ಪರಿಹಾರ ಹೀಗೆ ಮಾಡಿದ್ದೇವೆ: ಹಣ ಕೊಡದವರು ಎರಡು ದಿನ ಆಳಾಗಿ ಬರಬೇಕು, ಅದೂ ಆಗದವರು ಆಳುಗಳಿಗೆ ಊಟ ಹಾಕಬೇಕು. ಈವರೆಗೆ ಊಟ ಹಾಕಿದವರೇ ಹೆಚ್ಚು.

ಸಿಮೆಂಟಿನ ಕಿಂಡಿ ಅಣೆಕಟ್ಟು ಇದೆ. ಆದರೆ ಹಲಗೆ ಹಾಕುವವರಿಲ್ಲ.

ಜಿಲ್ಲೆಯಲ್ಲಿ ಇಂಥವು ಬೇಕಾದಷ್ಟಿವೆ. ಕಟ್ಟಿದ ಇಲಾಖೆ ಹೊಸ ಹಲಗೆ ಕೊಡಬಹುದು, ವರ್ಷವರ್ಷವೂ ಬಂದು ಹಾಕಿ ತೆಗೆಯುವುದಿಲ್ಲ. ಅದು ಫಲಾನುಭವಿ ಸಮಿತಿಯ ಕೆಲಸ, ಸಮಿತಿ ಇರುವುದು ರಿಜಿಸ್ಟರಿನಲ್ಲಿ. ಮರದ ಹಲಗೆ ಕೊಳೆತರೆ ಫೈಬರಿನದ್ದಕ್ಕೆ ಕೇಳಿ. ಎರಡು ಸಾಲು ಹಲಗೆಯ ನಡುವೆ ಜೇಡಿ ತುಂಬಿ ಮೆಟ್ಟುವುದನ್ನು ಮರೆಯಬೇಡಿ. ಮೇ ತಿಂಗಳಲ್ಲಿ ಹಲಗೆ ತೆಗೆಯದಿದ್ದರೆ ಹೂಳೂ ಮರದ ಬೊಡ್ಡೆಯೂ ಸಿಕ್ಕಿ ದಡ ಕೊರೆಯುತ್ತದೆ.

ಅಜ್ಜನ ಕಾಲದ ಸುರಂಗ ಬತ್ತಿದೆ. ಇನ್ನೂ ಕೊರೆಸಲೇ?

ಮೊದಲು ಮೇಲೆ ನೋಡಿ, ಆಮೇಲೆ ಒಳಗೆ. ಸುರಂಗಕ್ಕೆ ನೀರು ಬರುವುದು ನೆತ್ತಿಯ ಗುಡ್ಡೆಯಿಂದ. ಅಲ್ಲಿ ಕೆಂಪುಕಲ್ಲು ಕಡಿಯುವ ಪಣೆ (ಗಣಿ) ಶುರುವಾಗಿದೆಯೋ, ಹತ್ತಿರ ಕೊಳವೆಬಾವಿ ಬಿದ್ದಿದೆಯೋ ನೋಡಿ. ಗುಡ್ಡೆಯಲ್ಲಿ ಗುಂಡಿ ತೋಡಿ ಎರಡು ಮಳೆಗಾಲ ಕಾದು ನೋಡುವುದು ಕೊರೆಸುವುದಕ್ಕಿಂತ ಅಗ್ಗ.

ಕೊರೆಸಲೇಬೇಕಾದರೆ ಅನುಭವದ ಆಳು ಬೇಕು, ಅವರು ಈಗ ಬೆರಳೆಣಿಕೆ. ಕೋಲಿನ ಲೆಕ್ಕದಲ್ಲಿ ಸಂಬಳ, ಒಂದು ಕೋಲು ಎಂದರೆ 72 ಸೆಂಟಿಮೀಟರ್. ಒಳಗೆ ದೀಪ ಮಂಕಾದರೆ ಹೊರಗೆ ಬರುವುದು ಹಳೆಯ ನಿಯಮ, ಅದನ್ನು ಮೀರಬಾರದು. ಗಡಿಯಾಚೆ ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು ಬೋಳುಗುಡ್ಡೆಯನ್ನು ತೋಟ ಮಾಡಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂತು. ಅವರೂ ಮೊದಲ ಕೆಲವು ಸುರಂಗಗಳಲ್ಲಿ ನೀರು ಕಾಣಲಿಲ್ಲ ಎಂಬುದನ್ನು ಜೊತೆಗೇ ನೆನಪಿಡಿ.

ಅಡಿಕೆ ತೋಟದ ಮಣ್ಣು ಪ್ರತಿ ಮಳೆಗೂ ತೊಳೆದುಹೋಗುತ್ತಿದೆ.

ಬುಡ ಬೆತ್ತಲೆ ಇಡಬೇಡಿ. ಸೋಗೆ, ತರಗೆಲೆ, ಅಡಿಕೆ ಸಿಪ್ಪೆ ಏನಿದೆಯೋ ಹಾಸಿ. ಮಳೆಗಾಲದ ಹುಲ್ಲನ್ನು ಬೇರುಸಹಿತ ಕೆರೆದು ತೆಗೆಯುವ ಬದಲು ಮೆಷಿನಿನಿಂದ ತಲೆ ಕತ್ತರಿಸಿ ಬಿಡಿ. ತೋಟ ಚೊಕ್ಕ ಕಾಣುವುದಿಲ್ಲ ಅಂತ ನೆಂಟರು ಹೇಳುತ್ತಾರೆ. ಹೇಳಲಿ. ಉಜಿರುಕಣಿಯನ್ನು (ತೋಟದ ನೀರು ಬಸಿಯುವ ಕಣಿಯನ್ನು) ನೇರ ತೋಡಿಗೆ ಬಿಡದೆ ಕೊನೆಯಲ್ಲಿ ಒಂದು ಹೂಳುಗುಂಡಿ ಮಾಡಿದರೆ ತೊಳೆದ ಮಣ್ಣು ಅಲ್ಲಿ ಸಿಗುತ್ತದೆ, ಬೇಸಗೆಯಲ್ಲಿ ಹೊತ್ತು ತಂದು ಬುಡಕ್ಕೆ ಹಾಕಬಹುದು.

ಇಳಿಜಾರಿನ ತೆಂಗಿನ ತೋಟಕ್ಕೆ ಸಿಪಿಸಿಆರ್‌ಐ ಹೇಳುವ ಉಪಾಯ ಖರ್ಚಿಲ್ಲದ್ದು: ಎರಡು ಸಾಲಿನ ನಡುವೆ ಇಳಿಜಾರಿಗೆ ಅಡ್ಡವಾಗಿ 50 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಆಳದ ಕಣಿ, ಅದರೊಳಗೆ ತೆಂಗಿನ ಸಿಪ್ಪೆ ಜೋಡಿಸುವುದು, ಕೆಳಬದಿಯ ಬದುವಿಗೆ ಅನಾನಸು. ಸಿಪ್ಪೆ ತನ್ನ ತೂಕದ ಹಲವು ಪಾಲು ನೀರು ಹೀರಿ ಇಟ್ಟುಕೊಳ್ಳುತ್ತದೆ, ಐದಾರು ವರ್ಷ ಬಾಳುತ್ತದೆ. ನಾವು ಅದನ್ನು ಬಚ್ಚಲ ಒಲೆಗೆ ಹಾಕುತ್ತೇವೆ.

ಮಣ್ಣು ಪರೀಕ್ಷೆ ಮಾಡಿಸಿ. 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶ ನೋಡುತ್ತಾರೆ. ತೋಟದ ಹತ್ತು ಕಡೆಯಿಂದ ಮೇಲಿನ ಕಸ ಸರಿಸಿ ಮಣ್ಣು ತೆಗೆದು, ಕಲಸಿ, ನಾಲ್ಕು ಪಾಲು ಮಾಡಿ ಎದುರುಬದುರು ಎರಡು ಪಾಲು ಬಿಡುತ್ತ ಅರ್ಧ ಕಿಲೋಗೆ ಇಳಿಸಿ, ನೆರಳಲ್ಲಿ ಒಣಗಿಸಿ. ಗೊಬ್ಬರದ ಹಳೆ ಚೀಲದಲ್ಲಿ ಕೊಂಡುಹೋಗಬೇಡಿ. ನಮ್ಮ ಮಣ್ಣು ಹುಳಿ, ಸುಣ್ಣ ಬೇಕೆಂದೇ ಬರುತ್ತದೆ. ಸುಣ್ಣ ಹಾಕಿ ಎರಡು ವಾರ ಬಿಟ್ಟು ಗೊಬ್ಬರ. ಕಾರ್ಡಿನಲ್ಲಿ ತಾಮ್ರದ ಅಂಕಿಯನ್ನೂ ನೋಡಿ. ಕೊಳೆರೋಗಕ್ಕೆ ವರ್ಷವರ್ಷ ಬಿಟ್ಟ ಬೋರ್ಡೋ ದ್ರಾವಣದ ತಾಮ್ರ ಕೊನೆಗೆ ಸೇರುವುದು ಮಣ್ಣಿಗೇ.

ಡ್ರಿಪ್ಪಿಗೆ ಎಷ್ಟು ಸಬ್ಸಿಡಿ?

ಕೇಂದ್ರದ ‘ಪ್ರತಿ ಹನಿಗೆ ಹೆಚ್ಚು ಬೆಳೆ’ ಯೋಜನೆಯ ಕ್ರಮದಲ್ಲಿ ಸಣ್ಣ ಮತ್ತು ಅತಿಸಣ್ಣ ರೈತರಿಗೆ 55 ಶೇಕಡ, ಉಳಿದವರಿಗೆ 45 ಶೇಕಡ. ಇದು ಇಲಾಖೆ ಇಟ್ಟ ದರಪಟ್ಟಿಯ ಮೇಲೆ, ಅಂಗಡಿಯ ಬಿಲ್ಲಿನ ಮೇಲಲ್ಲ. ಮಂಜೂರಾಗುವ ಮೊದಲೇ ಪೈಪು ಹಾಕಿಸಿ ಬಿಲ್ಲು ತಂದರೆ ಕೆಲಸವಾಗುವುದಿಲ್ಲ. ಅಡಿಕೆ ಮರಕ್ಕೆ ಡ್ರಿಪ್ಪಿನಲ್ಲಿ ದಿನಕ್ಕೆ 16ರಿಂದ 20 ಲೀಟರ್ ಸಾಕು. ಫಿಲ್ಟರ್ ವಾರಕ್ಕೊಮ್ಮೆ ತೊಳೆಯಿರಿ. ಹಂದಿ, ಅಳಿಲು, ಕಬ್ಬಿಣದ ಕೆಂಪುನೀರು, ಈ ಮೂರಕ್ಕೆ ಸಬ್ಸಿಡಿ ಇಲ್ಲ.

ಪೇಟೆಯಲ್ಲಿ ಐದು ಸೆಂಟ್ಸ್. ನಮ್ಮಂಥವರು ಏನು ಮಾಡಬಹುದು?

ಮಾಡಿನ (ಛಾವಣಿಯ) ಲೆಕ್ಕ ನೋಡಿ. ಸಾವಿರ ಚದರಡಿಯ ಟೆರೇಸಿನ ಮೇಲೆ ವರ್ಷಕ್ಕೆ 3 ಲಕ್ಷ 25 ಸಾವಿರ ಲೀಟರ್ ಬೀಳುತ್ತದೆ. ಪೋಲು ಕಳೆದು ಎರಡೂವರೆ ಲಕ್ಷ ಅಂತ ಹಿಡಿಯಿರಿ. ಐದು ಜನರ ಮನೆಗೆ ತಲೆಗೆ ದಿನಕ್ಕೆ 135 ಲೀಟರಿನಂತೆ ವರ್ಷಕ್ಕೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಆದರೆ ಅದು ನಾಲ್ಕು ತಿಂಗಳಲ್ಲೇ ಬಂದು ಹೋಗುತ್ತದೆ, ಅಷ್ಟು ದೊಡ್ಡ ಟಾಂಕಿ ಕಟ್ಟಲಾಗದು. ಟಾಂಕಿ ಎಂದರೆ ನಿಮ್ಮ ಬಾವಿಯೇ.

ಮಾಡಿನ ಪೈಪಿನಿಂದ ಒಂದು ಡ್ರಮ್ಮಿಗೆ, ಡ್ರಮ್ಮಿನಲ್ಲಿ ಅಡಿಯಿಂದ ಜಲ್ಲಿ, ಇದ್ದಿಲು, ಮರಳು, ನಡುನಡುವೆ ಬಲೆ. ಅಲ್ಲಿಂದ ಬಾವಿಗೆ. ಮೊದಲ ಒಂದೆರಡು ಮಳೆಯ ನೀರು ಹೊರಗೆ ಹೋಗಲು ಬೇರೊಂದು ಬಾಯಿ ಇರಲಿ, ಬೇಸಗೆಯ ಧೂಳೂ ಹಕ್ಕಿ ಹಿಕ್ಕೆಯೂ ಅದರಲ್ಲಿರುತ್ತದೆ. ತ್ರಿಶೂರು ಜಿಲ್ಲೆಯಲ್ಲಿ 2008ರಿಂದ ‘ಮಳಪೊಲಿಮ’ ಹೆಸರಿನಲ್ಲಿ ಇದನ್ನೇ ಸಾವಿರಾರು ಬಾವಿಗಳಿಗೆ ಮಾಡಿದರು. ಹೊಸ ಕಟ್ಟಡಕ್ಕೆ ಮಳೆಕೊಯ್ಲು ಬೇಕೆಂಬುದು 2004ರಿಂದ ಕೇರಳದ ಕಟ್ಟಡ ನಿಯಮದಲ್ಲೇ ಇದೆ. ಪ್ಲಾನಿನಲ್ಲಿ ಗುಂಡಿ ತೋರಿಸಿ, ನಂಬರು ಸಿಕ್ಕಿದ ಮೇಲೆ ಅದರ ಮೇಲೆ ಇಂಟರ್‌ಲಾಕ್ ಹಾಸುವುದು ನಮ್ಮ ರೂಢಿ.

ಅಂಗಳ ಪೂರ್ತಿ ಮುಚ್ಚಬೇಡಿ. ಬಾವಿಯ ಸುತ್ತಲಾದರೂ ಮಣ್ಣು ಕಾಣಲಿ.

ಇಂಗಿಸಿದ ನೀರು ಕುಡಿಯಬಹುದೇ?

ಮಳೆನೀರಿನಿಂದ ಕೆಡುವುದಕ್ಕಿಂತ ಪಕ್ಕದ ಕಕ್ಕಸು ಗುಂಡಿಯಿಂದ ಕೆಡುವುದು ಹೆಚ್ಚು. ನಿಯಮದಲ್ಲಿ ಬಾವಿಗೂ ಗುಂಡಿಗೂ 7.5 ಮೀಟರ್ ಅಂತರ. ಮುರಕಲ್ಲಿನ ಬಿರುಕಿನಲ್ಲಿ ಅದೂ ಕೆಲವೊಮ್ಮೆ ಸಾಲದು, ಮಳೆಗಾಲದಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ. ಬ್ಲೀಚಿಂಗ್ ಪೌಡರ್ ಸಾವಿರ ಲೀಟರಿಗೆ 2.5 ಗ್ರಾಂ. ಎರಡು ಮೀಟರ್ ವ್ಯಾಸದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ 9,400 ಲೀಟರ್, ಅಂದರೆ 25 ಗ್ರಾಮಿನ ಹತ್ತಿರ. ಕಲಕಿ, ತಿಳಿ ಮಾತ್ರ ಹಾಕಿ, ಒಂದು ಗಂಟೆ ಬಿಡಿ. ಕುಡಿಯುವುದು ಕುದಿಸಿಯೇ.

ಬಾವಿ ಬಿಟ್ಟು ಬೋರ್‌ವೆಲ್ ಹಾಕಿಸುವುದೇ ಸುಲಭವಲ್ಲವೇ?

ಹಾಕಿಸುವುದು ಸುಲಭ. ಕಾಸರಗೋಡು ಬ್ಲಾಕ್ 2002ರ ಭೂಜಲ ಕಾನೂನಿನಡಿ ಘೋಷಿತ ಪ್ರದೇಶ, ಅನುಮತಿ ಬೇಕು. ರಾತ್ರೋರಾತ್ರಿ ರಿಗ್ ತರಿಸುವವರಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ. ಕರಿಕಲ್ಲಿನ ಬಿರುಕಿನಲ್ಲಿ ಇರುವುದು ಹಳೆಯ ನೀರು. ಮುರಕಲ್ಲಿನ ಬಾವಿ ಒಂದೇ ಮಳೆಗಾಲದಲ್ಲಿ ತುಂಬುತ್ತದೆ, ಕರಿಕಲ್ಲಿನದು ಹಾಗೆ ತುಂಬುವುದಿಲ್ಲ.

ಕಡಲ ಬದಿಯವರು ನಾವು. ಏಪ್ರಿಲಿನಲ್ಲಿ ಬಾವಿ ಉಪ್ಪಾಗುತ್ತದೆ.

ಹೊಯಿಗೆಯ (ಮರಳಿನ) ನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಕಡಲಿನ ಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಅಡಿಯಷ್ಟು ಸಿಹಿನೀರು. ಮೇಲಿಂದ ಒಂದಡಿ ಇಳಿಸಿದರೆ ಕೆಳಗಿನ ಉಪ್ಪು ಅದರ ಸುಮಾರು 40 ಪಾಲು ಏರುತ್ತದೆ. ಆದ್ದರಿಂದ ದೊಡ್ಡ ಪಂಪು ಬೇಡ, ಸಣ್ಣ ಪಂಪಿನಲ್ಲಿ ಸ್ವಲ್ಪ ಸ್ವಲ್ಪ ತೆಗೆಯಿರಿ. ಬಾವಿ ಆಳ ಮಾಡಿಸಬೇಡಿ. ಮಾಡಿನ ನೀರನ್ನೆಲ್ಲ ಹಿತ್ತಿಲಿಗೇ ಕೊಡಿ, ಹೊಯಿಗೆ ಗಟಗಟ ಕುಡಿಯುತ್ತದೆ. ಪೇಟೆಯ ನಳ್ಳಿಯಲ್ಲೂ ಬೇಸಗೆಯಲ್ಲಿ ಉಪ್ಪುನೀರು ಬರುತ್ತಿದ್ದ ಕಾಲ ಹಿರಿಯರಿಗೆ ಏಕೆ, ಶಾಲೆಯ ಮಕ್ಕಳಿಗೂ ನೆನಪಿದೆ. ಬಾವಿಕ್ಕರೆಯಲ್ಲಿ ಪಯಸ್ವಿನಿಗೆ ವರ್ಷವರ್ಷ ಚೀಲದ ಕಟ್ಟ ಹಾಕಿ ಅದು ಒಡೆಯುವುದೇ ಸುದ್ದಿಯಾಗುತ್ತಿತ್ತು. ಕಾಯಂ ಅಣೆಕಟ್ಟು ಆದ ಮೇಲೆ ಆ ಸುದ್ದಿ ನಿಂತಿತು.

ಬಿದಿರು ನೆಟ್ಟರೆ ಪ್ರಯೋಜನ ಉಂಟೇ?

2019ರ ಮಳೆಗಾಲದಲ್ಲಿ ಮಂಜೇಶ್ವರ, ಕಾಸರಗೋಡು ಬ್ಲಾಕುಗಳಲ್ಲಿ ಲಕ್ಷಗಟ್ಟಲೆ ಬಿದಿರು ಸಸಿ ನೆಟ್ಟರು. ಮಣ್ಣು ಹಿಡಿಯಲು ಬಿದಿರು ಒಳ್ಳೆಯದು, ತೋಡಿನ ದಡಕ್ಕೂ ಗುಡ್ಡೆಯ ಅಂಚಿಗೂ ನೆಡಬಹುದು. ನೆಟ್ಟು ಮೂರು ವರ್ಷ ದನ ತಿನ್ನದ ಹಾಗೆ ಕಾದವರ ಬಿದಿರು ಈಗ ಮೆಳೆಯಾಗಿದೆ.

ಅನುಮತಿ ಫೆಬ್ರವರಿಯಲ್ಲಿ ಬಂತು. ಕೆಡ್ಡಸದ ದಿನ ಕೆಲಸ ಶುರು ಮಾಡಬಹುದೇ?

ನಿಯಮದಲ್ಲಿ ಅಡ್ಡಿಯಿಲ್ಲ. ಆದರೆ ಕೆಡ್ಡಸವೆಂದರೆ ತುಳುನಾಡಿನಲ್ಲಿ ಭೂಮಿತಾಯಿ ಮುಟ್ಟಾಗುವ ಹಬ್ಬ, ಆ ಮೂರು ದಿನ ಭೂಮಿಗೆ ಹಾರೆ ತಾಗಿಸಬಾರದು ಅಂತ ಕೆಲಸದವರಲ್ಲಿ ಹೆಚ್ಚಿನವರು ಬರುವುದಿಲ್ಲ, ಬಂದರೂ ನಿಮ್ಮ ಅಮ್ಮ ಬಿಡುವುದಿಲ್ಲ. ಆ ಮೂರು ದಿನ ಗುಡ್ಡೆ ಹತ್ತಿ ಲೆವೆಲ್ ಪೈಪು ಹಿಡಿದು ಗುಂಡಿಗಳ ಜಾಗಕ್ಕೆ ಗೂಟ ಊರುವ ಬದಲು ಸುಣ್ಣದ ಗುರುತು ಹಾಕಿಟ್ಟುಕೊಳ್ಳಿ. ನಾಲ್ಕನೆಯ ದಿನ ಬೆಳಿಗ್ಗೆ ಎಂಟಕ್ಕೆ ಬರಲು ಹೇಳಿ.